ಏನೂ ಆಗಲ್ಲ ಬಿಡ್ರೀ ಸಾರ್!

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಇವತ್ತು ಬರೀತಿರೋದು ಕವನವೂ ಅಲ್ಲ, ಪ್ರವಾಸ ಕಥನವೂ ಅಲ್ಲ, ಒಂದು ಜಗಳ. ಟೈಲ್ಸ್ ಹಾಕುವವರನ್ನು ಚೆನ್ನಾಗಿ ಬೈಯೋಣ ಅಂತಲೇ ಕೂತೆ. ಬರೀತಾ ಬರೀತಾ ಬೈಗುಳ ಬೇರೆ ಕಡೆ ತಿರುಗಿತು. ಯಾವ ಕಡೆಗೆ ಅಂತ ನೀವೇ ಓದಿ ನೋಡಿ.

ನಾವಿರೋದು ದಾವಣಗೆರೆಯ ವಿದ್ಯಾನಗರದಲ್ಲಿ. ನಮ್ಮದು ಆರ್‌ಸಿಸಿ ಮನೆ, ನೆಲಕ್ಕೆ 2 ಅಡಿ ಚದರದ ವಿಟ್ರಿಫೈಡ್ ಟೈಲ್ಸ್. ಹಾಕಿ ವರ್ಷಗಳೇ ಆದವು, ಒಂದೂ ಅಲುಗಿಲ್ಲ. ದೊಡ್ಡಪ್ಪನ ಮನೆ ಇರೋದು ಚೌಕಿಪೇಟೆ ಕಡೆ. ಅದು ಹಳೇ ಕಾಲದ ಮಾಳಿಗೆ ಮನೆ. ಕೆಳಗೆ ನಡುಮನೆ, ಅದರ ಮೇಲೆ 10 ಅಡಿ ಅಗಲ, 12 ಅಡಿ ಉದ್ದದ ಒಂದು ಕೋಣೆ. ಅಗಲಕ್ಕೆ ಅಡ್ಡಲಾಗಿ ಗೋಡೆಯಿಂದ ಗೋಡೆಗೆ ಎರಡೆರಡು ಅಡಿಗೊಂದು ಜಂತೆ, ಜಂತೆ ಮೇಲೆ ಹಲಗೆ, ಹಲಗೆ ಮೇಲೆ 3 ಇಂಚು ಮಣ್ಣು. ಮಣ್ಣಿನ ಮೇಲೆ ವಾರಕ್ಕೊಮ್ಮೆ ಸೆಗಣಿ ಸಾರಿಸೋದು. ದೊಡ್ಡಮ್ಮನಿಗೆ ಈಗ ಸಾರಿಸೋಕೆ ಸೊಂಟ ಬಗ್ಗಲ್ಲ. "ನಿಮ್ಮನೇಲಿ ಐತಲ್ಲೋ ಅಂಥದ್ದು ಹಾಕ್ಸಪ್ಪಾ, ಒರೆಸಿದ್ರೆ ಮುಗೀತು" ಅಂದರು. ಸರಿ ಅಂತ ನಮ್ಮ ಮನೆಗೆ ಹಾಕಿದ್ದ ಮೇಸ್ತ್ರಿಯನ್ನೇ ಕರಕೊಂಡು ಹೋದೆ.

ಮೇಸ್ತ್ರಿ ಮಾಳಿಗೆ ಹತ್ತಿ, ಕಾಲಲ್ಲಿ ಎರಡು ಸಲ ಕುಟ್ಟಿ ನೋಡಿ, ನೆಲ ಅದುರುತ್ತೆ ಅಂತ ಹೇಳಿದ. ಮಣ್ಣೆಲ್ಲ ತೆಗೆಸಿ, ಒಬ್ಬ ಬಡಗಿಯನ್ನು ಕರೆಸಿ ಹಲಗೆ ತೋರಿಸಿದರೆ ಒಳ್ಳೇದು, ಎರಡು ಮೂರು ದಿನದ ಕೂಲಿ ಆಗುತ್ತೆ ಅಂದ. ನಾನು ಅಂದಾಜು ಬರೆದ ಚೀಟಿ ತಗೊಂಡು ಆ ಸಾಲಿನ ಮೇಲೆ ಪೆನ್ನಲ್ಲಿ ಗೀಟು ಹಾಕಿದೆ. "ಹಂಗೇ ಹಾಕೋಕಾಗಲ್ವಾ?" ಅಂತ ಕೇಳಿದೆ. ಆಗ ಬಂತು ನೋಡಿ ಆ ಮಾತು.

"ಏನೂ ಆಗಲ್ಲ ಬಿಡ್ರೀ ಸಾರ್, ಹಾಕಿಕೊಡ್ತೀನಿ."

ದೀಪಾವಳಿಗೆ ಮುಂಚೆ ಕೆಲಸ ಮುಗೀತು. ಮಣ್ಣಿನ ಮೇಲೆ 2 ಇಂಚು ಮರಳು-ಸಿಮೆಂಟ್ ಬೆಡ್ಡಿಂಗ್, ಅದರ ಮೇಲೆ ಸಿಮೆಂಟ್ ಹಾಲು, ಅದರ ಮೇಲೆ 30 ಟೈಲ್ಸ್, ಸಂದೇ ಇಲ್ಲದ ಹಾಗೆ ಒಂದಕ್ಕೊಂದು ಒತ್ತಿ. ಕನ್ನಡಿ ಥರ ಹೊಳೀತಿತ್ತು. ಯುಗಾದಿ ಹೊತ್ತಿಗೆ ಮೊದಲನೇ ಬಿರುಕು. ಮುಂದಿನ ಮಳೆಗಾಲ ಮುಗಿಯೋ ಹೊತ್ತಿಗೆ 30ರಲ್ಲಿ 11 ಹೋಗಿದ್ದವು. ಬಿರುಕುಗಳು ಎಲ್ಲೆಲ್ಲೋ ಅಡ್ಡಾದಿಡ್ಡಿ ಇರಲಿಲ್ಲ, ಕೆಳಗಿನ ಜಂತೆಗಳ ನೆತ್ತಿಯ ಮೇಲೆ ಸ್ಕೇಲ್ ಇಟ್ಟು ಎಳೆದಂತೆ ಸಾಲಾಗಿದ್ದವು. ಬಿರುಕು ಬಿಡದವನ್ನು ಬೆರಳ ಗೆಣ್ಣಲ್ಲಿ ತಟ್ಟಿದರೆ ಟೊಳ್ಳು ಸದ್ದು. ನಾನು ಮೇಸ್ತ್ರಿಗೆ ಫೋನ್ ಮಾಡಿ ಕೂಗಾಡಿದೆ. ಕೊಡಬೇಕಿದ್ದ ಬಾಕಿ ದುಡ್ಡನ್ನೂ ಹಿಡಿದಿಟ್ಟುಕೊಂಡೆ.

ಆಮೇಲೆ ಕೋಪ ಇಳಿದ ಮೇಲೆ ಕೂತು ಓದಿದೆ, ಲೆಕ್ಕ ಹಾಕಿದೆ, ಕೊನೆಗೆ ನೆಲ ಅಗೆಸಿ ನೋಡಿದೆ. ಈ ವಿಷಯದಲ್ಲಿ ನಮ್ಮೂರಲ್ಲಿ ಎಲ್ಲರೂ ಏನೇನು ಹೇಳ್ತಾರೋ ಅದರಲ್ಲಿ ಮುಕ್ಕಾಲು ಪಾಲು ತಪ್ಪು ಅಂತ ಆಗ ಗೊತ್ತಾಯ್ತು. ಒಂದೊಂದಾಗಿ ಹೇಳ್ತೀನಿ.

ಮೊದಲನೇ ತಪ್ಪು: "ಮರದ ಮೇಲೆ ಟೈಲ್ಸ್ ನಿಲ್ಲೋದೇ ಇಲ್ಲ, ಕಿತ್ತು ಆರ್‌ಸಿಸಿ ಹಾಕಿಸಿ." ನನಗೆ ಗೊತ್ತಿರೋ ಇಬ್ಬರು ಎಂಜಿನಿಯರ್‌ಗಳು ಹೀಗೇ ಅಂದರು. ಸ್ವಾಮಿ, ಅಮೆರಿಕ, ಕೆನಡಾಗಳಲ್ಲಿ ಸಾಮಾನ್ಯ ಮನೆಗಳೆಲ್ಲ ಬಹುಪಾಲು ಮರದವೇ. ಮರದ ಜಂತೆ, ಮೇಲೆ ಪ್ಲೈವುಡ್, ಅದರ ಮೇಲೆಯೇ ಅಡುಗೆಮನೆ, ಬಚ್ಚಲುಮನೆಯ ಟೈಲ್ಸ್. ಅಲ್ಲಿರುವ ನಮ್ಮ ಚಿಕ್ಕಪ್ಪನ ಮಗ ತನ್ನ ಅಡುಗೆಮನೆಗೆ ತಾನೇ ಹಾಕಿಕೊಂಡ. ಟೈಲ್ಸ್ ಕೂರಿಸೋಕೆ ಒಂದು ದಿನ, ಅದಕ್ಕೆ ಮುಂಚೆ ನೆಲ ಸಿದ್ಧ ಮಾಡೋಕೆ ಮೂರು ದಿನ ಹಿಡೀತಂತೆ. ನಾವು ಗಮನಿಸಬೇಕಾದ್ದು ಆ ಮೂರು ದಿನವನ್ನು. ಮರದ ಮೇಲೆ ಟೈಲ್ಸ್ ನಿಲ್ಲುತ್ತೆ. ಸಿದ್ಧ ಮಾಡದ ಮರದ ಮೇಲೆ ನಿಲ್ಲಲ್ಲ.

ಎರಡನೇ ತಪ್ಪು: "ಎಂಬತ್ತು ವರ್ಷದಿಂದ ಮಣ್ಣಿನ ಭಾರ ಹೊತ್ತಿದೆ, ಟೈಲ್ಸ್ ಯಾವ ಲೆಕ್ಕ?" ಇದು ನನ್ನದೇ ಮಾತು, ಅದಕ್ಕೇ ಹೆಚ್ಚು ಕೋಪ. ಲೆಕ್ಕ ಕೇಳಿ. 2 ಇಂಚು ಸಿಮೆಂಟ್ ಗಾರೆ ಅಂದರೆ ಒಂದು ಚದರ ಮೀಟರಿಗೆ ಸುಮಾರು 105 ಕಿಲೋ. ಟೈಲ್ಸ್ 20 ಕಿಲೋ. ಒಟ್ಟು 125. ನಮ್ಮ ಕೋಣೆ 120 ಚದರಡಿ, ಅಂದರೆ 11 ಚದರ ಮೀಟರಿಗೆ ಸ್ವಲ್ಪ ಮೇಲೆ. ಒಂದು ಟನ್ ನಾನೂರು ಕಿಲೋ! ಅಷ್ಟನ್ನು ತಗೊಂಡು ಹೋಗಿ, ಮೊದಲೇ ಇದ್ದ ಮಣ್ಣಿನ ಮೇಲೆ ಹೇರಿದೆವು. ಆ 3 ಇಂಚು ಮಣ್ಣೇ ಚದರ ಮೀಟರಿಗೆ 130 ಕಿಲೋ ಹತ್ತಿರ ಬರುತ್ತೆ. ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದ ಪ್ರಕಾರ ವಾಸದ ಕೋಣೆಯೊಳಗಿನ ಜನ, ಮಂಚ, ಬೀರು ಎಲ್ಲ ಸೇರಿ ಹಿಡಿಯುವ ಭಾರವೇ ಚದರ ಮೀಟರಿಗೆ ಸುಮಾರು 200 ಕಿಲೋ. ಹಾಗಾದರೆ ಯಾವ ಸಾಮಾನೂ ಇಡುವ ಮೊದಲೇ ಅದರ ಅರ್ಧಕ್ಕಿಂತ ಹೆಚ್ಚನ್ನು ನಾವು ಹೊಸದಾಗಿ ಹೊರಿಸಿದ್ದೆವು. ಹಳಬರು ಮಣ್ಣು ಹಾಕಿದ್ದು ದಡ್ಡತನದಿಂದಲ್ಲ. ನೆಲ ಅಲುಗಿದರೆ ಮಣ್ಣೂ ಜೊತೆಗೆ ಸ್ವಲ್ಪ ಬಾಗುತ್ತೆ, ಬಿರುಕು ಬಿಟ್ಟರೆ ಮುಂದಿನ ವಾರ ಸಾರಿಸುವಾಗ ಮುಚ್ಚಿಹೋಗುತ್ತೆ. ಟೈಲ್ಸ್‌ಗೆ ಆ ಗುಣ ಇಲ್ಲ. ಅದು ಬಾಗಲ್ಲ, ಒಡೆಯುತ್ತೆ.

ಮೂರನೇ ತಪ್ಪು: "ಗಟ್ಟಿಮುಟ್ಟಾಗಿದೆ, ಬೀಳಲ್ಲ." ಬೀಳೋದು ಬೇರೆ, ಬಾಗೋದು ಬೇರೆ. ಹತ್ತು ಜನ ನಿಂತರೂ ಬೀಳದ ಮಾಳಿಗೆ ಟೈಲ್ಸ್‌ಗೆ ಯೋಗ್ಯ ಅಲ್ಲದೇ ಇರಬಹುದು. ಟೈಲ್ಸ್ ಕೆಳಗಿನ ಮರದ ನೆಲ ಭಾರ ಬಿದ್ದಾಗ ಎಷ್ಟು ಬಾಗಬಹುದು ಅನ್ನೋದಕ್ಕೆ ಅಮೆರಿಕದಲ್ಲಿ ಎಲ್ಲರೂ ಹಿಡಿಯುವ ಲೆಕ್ಕ ಒಂದಿದೆ: ಜಂತೆಯ ಉದ್ದವನ್ನು 360ರಿಂದ ಭಾಗಿಸಿ, ಅದಕ್ಕಿಂತ ಹೆಚ್ಚು ಬಾಗಬಾರದು. ನೈಸರ್ಗಿಕ ಕಲ್ಲಾದರೆ 720ರಿಂದ ಭಾಗಿಸಬೇಕು. ನಮ್ಮ 10 ಅಡಿ ಜಂತೆಗೆ ಅದು ಎಂಟೂವರೆ ಮಿಲಿಮೀಟರ್. ಅಷ್ಟೇ! ನಡೆದರೆ ಬೀರುವಿನ ಮೇಲಿನ ಸ್ಟೀಲ್ ಲೋಟ ಗಿಲಿಗಿಲಿ ಅನ್ನುವ ಮಾಳಿಗೆ ಇದನ್ನು ದಾಟಿರುತ್ತೆ ಅಂತ ಅನುಮಾನ ಪಡೋದು ಒಳ್ಳೇದು. ಇದಕ್ಕೆ ಪರಿಹಾರವೂ ಇದೆ. ಜಂತೆಗಳ ನಡುಮಧ್ಯಕ್ಕೆ ಕೆಳಗಿನಿಂದ ಒಂದು ತೊಲೆ ಕೊಟ್ಟರೆ, 10 ಅಡಿ ಹಾರುತ್ತಿದ್ದ ಜಂತೆ 5 ಅಡಿ ಮಾತ್ರ ಹಾರುತ್ತೆ. ಉದ್ದ ಅರ್ಧ ಆದರೆ ಬಾಗುವುದು ಅರ್ಧ ಆಗಲ್ಲ, ಹೆಚ್ಚುಕಡಿಮೆ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಒಂದೇ ಒಂದು ತೊಲೆ! ಅಷ್ಟು ಖರ್ಚು ಮಾಡೋಕೆ ನಮಗೆ ಮನಸ್ಸಿಲ್ಲ, ಚದರಡಿಗೆ ನೂರು ರೂಪಾಯಿ ಜಾಸ್ತಿ ಕೊಟ್ಟು ಹೊಳೆಯುವ ಟೈಲ್ಸ್ ತರೋಕೆ ಮನಸ್ಸಿದೆ.

ನಾಲ್ಕನೇ ತಪ್ಪು: "ಸಿಮೆಂಟ್ ಹಾಕಿದ ಮೇಲೆ ಮರವೂ ಒಂದೇ, ಕಲ್ಲೂ ಒಂದೇ." ಮರ ಸುಮ್ಮನಿರೋ ವಸ್ತುವಲ್ಲ. ಉದ್ದಕ್ಕೆ ಹೆಚ್ಚು ಬದಲಾಗಲ್ಲ ನಿಜ, ಆದರೆ ಅಗಲಕ್ಕೆ ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. 8 ಇಂಚಿನ ಹಲಗೆ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಆಗೋದು ಏನೂ ವಿಶೇಷ ಅಲ್ಲ. ಅಡುಗೆಮನೆ ಬಾಗಿಲು ಆಷಾಢದಲ್ಲಿ ಬಿಗಿಯಾಗಿ, ಏಪ್ರಿಲ್‌ನಲ್ಲಿ ಸಡಿಲ ಆಗೋದನ್ನು ನೋಡಿಲ್ವಾ? ಅದೇ ಬಾಗಿಲನ್ನು ಮಲಗಿಸಿ ಅದರ ಮೇಲೆ ಟೈಲ್ಸ್ ಅಂಟಿಸಿದ ಹಾಗೆ ಇದು. ಸಾಲದ್ದಕ್ಕೆ ನಾವು ಹಸಿ ಗಾರೆ ಹಾಕಿ, ಮೇಲಿಂದ ನೀರು ಕಟ್ಟಿ, ಮಣ್ಣಿನ ಮೂಲಕ ಹಲಗೆಗೂ ನೀರು ಕುಡಿಸಿದ್ದೆವು.

ನೆಲ ಅಗೆದಾಗ ಕಂಡದ್ದನ್ನು ಈಗ ಹೇಳ್ತೀನಿ. ಮಣ್ಣು ಇನ್ನೂ ತಂಪಾಗಿತ್ತು. ಗೋಡೆ ಪಕ್ಕದಲ್ಲಿ ಗೆದ್ದಲಿನ ಸಾಲು. ಎರಡು ಜಂತೆಗಳ ತುದಿ, ಗೋಡೆಯೊಳಗೆ ಹೋಗಿ ಕೂರುತ್ತಲ್ಲ ಆ ಜಾಗದಲ್ಲಿ, ಸ್ಕ್ರೂ ಡ್ರೈವರ್ ಚುಚ್ಚಿದರೆ ಹಿಡಿವರೆಗೂ ಒಳಗೆ ಹೋಯ್ತು. ಅವು ನಾವು ಟೈಲ್ಸ್ ಹಾಕಿಸಿದ ಮೇಲೆ ಕೊಳೆತದ್ದಲ್ಲ, ಎಷ್ಟೋ ವರ್ಷದ್ದು. ಆ ಎರಡು ಜಂತೆ ಮೇಲೆ ನಾವು ಒಂದೂಕಾಲು ಟನ್ನಿಗೂ ಮೇಲೆ ಹೇರಿದ್ದೆವು ಅಂತಲ್ಲ, ಆರು ಜಂತೆಗಳಲ್ಲಿ ಅವುಗಳ ಪಾಲು ಅವು ಹೊತ್ತಿದ್ದವು. ಆದರೆ ಅವುಗಳ ಸರಿಯಾಗಿ ಕೆಳಗೆ ನಡುಮನೆಯಲ್ಲಿ ದೊಡ್ಡಮ್ಮನ ಮಂಚ ಇದೆ. ಹದಿನಾರು ತಿಂಗಳು ಅವರು ಅದರ ಕೆಳಗೆ ಮಲಗಿದ್ದಾರೆ. "ಮ್ಯಾಲೆ ಏನೋ ಟಕ್ ಅಂತೈತಲ್ಲೋ" ಅಂತ ಎರಡು ಸಲ ಹೇಳಿದ್ದರು, ನಾನು ಇಲಿ ಇರಬೇಕು ಅಂದಿದ್ದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೇಸ್ತ್ರಿ ಕೇಳಿದ್ದ ಎರಡು ದಿನದ ಕೂಲಿ ಕೊಟ್ಟಿದ್ದರೆ ಆ ಜಂತೆಯ ತುದಿ ಅವತ್ತೇ ಕಾಣ್ತಿತ್ತು.

ಹಾಗಾದರೆ ಸರಿಯಾಗಿ ಸಿದ್ಧ ಮಾಡೋದು ಅಂದರೆ ಏನು? ಎರಡನೇ ಸಲ ನಾವು ಮಾಡಿಸಿದ್ದನ್ನೇ ಹೇಳ್ತೀನಿ. ಮಂತ್ರ ಏನಿಲ್ಲ ಇದರಲ್ಲಿ.

ಮೊದಲು ಹಲಗೆವರೆಗೂ ಖಾಲಿ ಮಾಡಿಸಿದೆವು. ಮಣ್ಣೆಲ್ಲ ಇಳಿಯಿತು. ಕೊಳೆತ ಜಂತೆಗಳನ್ನು ಬಡಗಿ ಬದಲಾಯಿಸಿದ, ಗೆದ್ದಲಿಗೆ ಔಷಧಿ ಹೊಡೆಸಿದೆವು, ನಡುವೆ ತೊಲೆ ಬಂತು. ಅಲುಗುತ್ತಿದ್ದ ಹಲಗೆಗಳನ್ನೆಲ್ಲ ಜಂತೆಗೆ ಸ್ಕ್ರೂ ಹಾಕಿ ಬಿಗಿದ. ಮೊಳೆ ಬೇಡ, ಮರ ಉಬ್ಬಿ ಕುಗ್ಗಿ ಮಾಡಿದ ಹಾಗೆ ಮೊಳೆ ಮೇಲೆದ್ದು ಬರುತ್ತೆ.

ಹಲಗೆ ಮೇಲೆ ನೇರವಾಗಿ ಟೈಲ್ಸ್ ಬೇಡ, ಒಂದೊಂದು ಹಲಗೆಯೂ ತನ್ನ ಪಾಡಿಗೆ ತಾನು ಅಲುಗುತ್ತೆ. ಅದಕ್ಕೆ ಪ್ಲೈವುಡ್. ಪ್ಲೈವುಡ್‌ನ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಇರೋದರಿಂದ ಅದು ಹಲಗೆಯಷ್ಟು ಉಬ್ಬಿ ಕುಗ್ಗಲ್ಲ. ನೀರು ತಡೆಯುವಂಥದ್ದು, ಐಎಸ್ 710 ಗುರುತಿರೋದು ತಂದೆವು. 12 ಮಿಲಿಮೀಟರಿಗಿಂತ ತೆಳು ಬೇಡ. ಒಂದು ಶೀಟಿಗೂ ಇನ್ನೊಂದಕ್ಕೂ ನಡುವೆ 3 ಮಿಲಿಮೀಟರ್, ಗೋಡೆ ಸುತ್ತ 6 ಮಿಲಿಮೀಟರ್ ಜಾಗ ಬಿಡಬೇಕು. ನಾಲ್ಕು ಶೀಟಿನ ಮೂಲೆ ಒಂದೇ ಕಡೆ ಸೇರಬಾರದು, ಇಟ್ಟಿಗೆ ಕಟ್ಟುವ ಹಾಗೆ ಸಂದು ತಪ್ಪಿಸಿ ಕೂರಿಸಬೇಕು.

ಅದರ ಮೇಲೆ 6 ಮಿಲಿಮೀಟರ್ ಸಿಮೆಂಟ್ ಬೋರ್ಡ್. ಬೋರ್ಡಿನ ಕೆಳಗೆ ಎಲ್ಲೂ ಟೊಳ್ಳು ಉಳಿಯದಂತೆ ಟೈಲ್ಸ್ ಗಮ್ ಬಳಿದು, ಆಮೇಲೆ 20 ಸೆಂಟಿಮೀಟರಿಗೊಂದು ಸ್ಕ್ರೂ. ಸಂದುಗಳ ಮೇಲೆ ಸಿಮೆಂಟಿಗೆ ಕರಗದ ಜಾಲರಿ ಟೇಪ್. ಒಂದು ಮಾತು ನೆನಪಿರಲಿ, ಈ ಬೋರ್ಡ್ ನೆಲಕ್ಕೆ ಬಲ ಕೊಡಲ್ಲ. ಟೈಲ್ಸ್ ಹಿಡಿಯೋಕೆ ಒಳ್ಳೇ ಮೈ ಕೊಡುತ್ತೆ ಅಷ್ಟೇ. ಬಲ ಬರಬೇಕಾದ್ದು ಜಂತೆಯಿಂದ, ಪ್ಲೈವುಡ್‌ನಿಂದ. ಬೋರ್ಡಿನ ಬದಲು ಮರದ ಚಲನೆ ಟೈಲ್ಸ್‌ಗೆ ತಾಗದಂತೆ ನಡುವೆ ಹಾಸುವ ಪ್ಲಾಸ್ಟಿಕ್ ಹಾಸುಗಳೂ ಇವೆ. ಕೆಲಸ ಬಲ್ಲವರು ಸಿಕ್ಕರೆ ಅದೂ ಸರಿ.

ಕೊನೆಗೆ ಟೈಲ್ಸ್. ಸಿಮೆಂಟ್ ಹಾಲು ಬೇಡವೇ ಬೇಡ. ವಿಟ್ರಿಫೈಡ್ ಟೈಲ್ಸ್ ಹೀರೋ ನೀರು ಅದರ ತೂಕದ ಶೇಕಡ 0.5ನ್ನು ಮೀರಲ್ಲ, ಸಿಮೆಂಟ್ ಹಾಲು ಅದರ ಮೈಯೊಳಗೆ ಇಳಿದು ಹಿಡಿಯೋದಾದರೂ ಹೇಗೆ? ಹಳೇ ಗೋಡೆ ಟೈಲ್ಸ್ ಶೇಕಡ 10ಕ್ಕೂ ಹೆಚ್ಚು ಹೀರ್ತಿದ್ದವು, ನೀರಲ್ಲಿ ನೆನೆಸಿ ಹಾಕೋ ಅಭ್ಯಾಸ ಬಂದದ್ದು ಅದಕ್ಕೆ. ವಸ್ತು ಬದಲಾಯ್ತು, ಅಭ್ಯಾಸ ಬದಲಾಗಲಿಲ್ಲ. ಪಾಲಿಮರ್ ಬೆರೆತ ಗಮ್ ಹಾಕಿ, ಹಲ್ಲು ಹಲ್ಲಿನ ಕರಣೆಯಲ್ಲಿ ಬಾಚಿ ಕೂರಿಸಬೇಕು. ನಾಲ್ಕು ಮೂಲೆಗೆ ಉಂಡೆ ಇಟ್ಟು ಕೂರಿಸೋದಲ್ಲ. ಎರಡೋ ಮೂರೋ ಹಾಕಿದ ಮೇಲೆ ಒಂದನ್ನು ಎತ್ತಿ ಬೆನ್ನು ನೋಡಿ, ಕನಿಷ್ಠ ಶೇಕಡ 80 ಭಾಗಕ್ಕೆ ಗಮ್ ಮೆತ್ತಿರಬೇಕು. ಟೈಲ್ಸ್ ನಡುವೆ 3 ಮಿಲಿಮೀಟರ್ ಸಂದು. ಗೋಡೆ ಅಂಚಿನ ಸಂದಿಗೆ ಗ್ರೌಟ್ ತುಂಬಬೇಡಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತೆ.

ಈಗ ಇದರ ತೂಕ ನೋಡಿ. ಪ್ಲೈವುಡ್, ಬೋರ್ಡ್, ಗಮ್, ಟೈಲ್ಸ್ ಎಲ್ಲ ಸೇರಿ ಚದರ ಮೀಟರಿಗೆ 45 ಕಿಲೋ ಸುತ್ತಮುತ್ತ. ಮಣ್ಣಿನ 130 ಕಿಲೋ ಇಳಿಸಿದ್ದೇವೆ. ಅಂದರೆ ಟೈಲ್ಸ್ ಹಾಕಿದ ಮೇಲೆ ಮಾಳಿಗೆ ಮೊದಲಿಗಿಂತ ಹಗುರ ಆಗಿದೆ!

"ಇಷ್ಟೆಲ್ಲ ಯಾಕೆ, ಹಲಗೆಯನ್ನೇ ಉಜ್ಜಿ ಪಾಲಿಶ್ ಮಾಡಿಸಬಹುದಿತ್ತಲ್ಲ" ಅಂತ ಹಳೇ ಮನೆ ಪ್ರೇಮಿಗಳು ಕೇಳಬಹುದು. ನ್ಯಾಯವಾದ ಮಾತು. ಹಲಗೆ ಚೆನ್ನಾಗಿದ್ದರೆ ಖಂಡಿತ ಹಾಗೇ ಮಾಡಿಸಿ, ನಾನು ಅಡ್ಡ ಬರಲ್ಲ. ಆದರೆ ಮನೆಯಲ್ಲಿ ಇರೋದು ದೊಡ್ಡಮ್ಮ, ಒರೆಸೋದೂ ಅವರೇ. ಅವರಿಗೆ ಏನು ಬೇಕು ಅಂತ ಅವರು ಹೇಳಿ ಆಗಿದೆ. ಹಳೇ ಮನೆಗಳ ಮೇಲಿನ ನಮ್ಮ ಪ್ರೀತಿಗೆ ಅವರ ಸೊಂಟ ಬೆಲೆ ತೆರಬೇಕಾಗಿಲ್ಲ.

ಈಗ ಜಗಳದ ತಿರುಳಿಗೆ ಬರ್ತೀನಿ. ಇದೆಲ್ಲ ಯಾರಿಗೂ ಗೊತ್ತಿಲ್ಲ ಅಂತಲ್ಲ. ನಮ್ಮ ಮೇಸ್ತ್ರಿಗೆ ಪ್ಲೈವುಡ್ ಸಂಗತಿ ಗೊತ್ತಿರಲಿಲ್ಲ ಇರಬಹುದು, ಆತ ದಿನಾ ಕೆಲಸ ಮಾಡೋದು ವಿದ್ಯಾನಗರದಂಥ ಬಡಾವಣೆಗಳ ಕಾಂಕ್ರೀಟ್ ಮೇಲೆ. ಆದರೆ ನೆಲ ಅದುರುತ್ತೆ, ತೆಗೆದು ನೋಡಬೇಕು ಅಂತ ಆತ ಬಾಯಿಬಿಟ್ಟು ಹೇಳಿದ್ದ. ಆ ಮಾತಿಗೆ ನನ್ನ ಚೀಟಿಯಲ್ಲಿ ಬೆಲೆ ಇರಲಿಲ್ಲ. ನಾವು ಟೈಲ್ಸ್ ಕೆಲಸಕ್ಕೆ ದುಡ್ಡು ಕೊಡೋದು ಹೇಗೆ? ಚದರಡಿಗೆ ಇಷ್ಟು ಅಂತ. ಯಾವುದರ ಚದರಡಿ? ಕಣ್ಣಿಗೆ ಕಾಣುವ ಟೈಲ್ಸಿನದ್ದು. ಕೆಳಗೆ ಎರಡು ದಿನ ಬೆವರು ಸುರಿಸಿದವನಿಗೂ, ಬಂದ ದಿನವೇ ಗಾರೆ ಸುರಿದವನಿಗೂ ಒಂದೇ ರೇಟು. ಹಾಗಿದ್ದ ಮೇಲೆ ಯಾವ ಬುದ್ಧಿವಂತ ಕೆಳಗೆ ಬಗ್ಗಿ ನೋಡ್ತಾನೆ? ಬಗ್ಗಿ ನೋಡಿ ಹೇಳಿದವನನ್ನು "ಬಿಲ್ ಏರಿಸ್ತಾನೆ" ಅಂತ ಅನುಮಾನಿಸೋರೂ ನಾವೇ. "ಏನೂ ಆಗಲ್ಲ ಬಿಡ್ರೀ" ಅನ್ನೋ ಮಾತನ್ನು ಅವರ ಬಾಯಲ್ಲಿ ಹೇಳಿಸೋದು ನಮ್ಮ ಚೌಕಾಸಿ.

ಬೆಣ್ಣೆ ದೋಸೆ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕಾವಲಿ ಹದಕ್ಕೆ ಕಾಯೋವರೆಗೂ ಭಟ್ಟರು ಹಿಟ್ಟು ಹುಯ್ಯಲ್ಲ, ನಾವೂ ಬಾಯಿ ಮುಚ್ಚಿಕೊಂಡು ಕಾಯ್ತೀವಿ. ನಮ್ಮ ದೊಡ್ಡಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇಥ್ ಕೆಲಸದಲ್ಲಿದ್ದವರು. ಲೇಥ್ ಕೂರಿಸುವ ದಿನ ಅರ್ಧ ದಿನ ರಸಮಟ್ಟ ಇಟ್ಟು ತಳ ನೋಡೋದ್ರಲ್ಲೇ ಕಳೀತಿತ್ತು ಅಂತ ಹೇಳ್ತಿದ್ದರು. ಅವರು ಬದುಕಿದ್ದರೆ ನನ್ನ ಕೈಯಿಂದ ಆ ಪೆನ್ನು ಕಿತ್ತುಕೊಳ್ತಿದ್ದರು.

ಹಾಗಾಗಿ ಮನೆ ರಿಪೇರಿಗೆ ಇಳಿದಿರುವ ಗೆಳೆಯರೇ, ಮರದ ಮಾಳಿಗೆಯೋ, ಅಂಗಡಿಯೊಳಗಿನ ಅಟ್ಟವೋ, ಟೆರೇಸ್ ಮೇಲೆ ಕಬ್ಬಿಣದ ಚೌಕಟ್ಟಿಗೆ ಪ್ಲೈವುಡ್ ಹಾಸಿದ ಕೋಣೆಯೋ, ಯಾವುದೇ ಇರಲಿ, ಟೈಲ್ಸ್ ಅಂಗಡಿಗೆ ಹೋಗುವ ಮೊದಲು ಬಡಗಿಯನ್ನು ಕರೆಸಿ. ಅಂದಾಜು ಚೀಟಿಯ ಮೊದಲ ಸಾಲು "ನೆಲ ಸಿದ್ಧತೆ" ಅಂತ ಇರಲಿ, ಅದಕ್ಕೆ ಚದರಡಿ ಲೆಕ್ಕ ಬೇಡ, ದಿನಗೂಲಿ ಲೆಕ್ಕ ಇರಲಿ. ಅದು ಮುಗಿದ ದಿನ ಹೋಗಿ ನಿಂತು, ನಡೆದು, ಕುಟ್ಟಿ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಟೈಲ್ಸ್ ಇಳಿಸಿ. ದುಡ್ಡು ಸಾಲದಿದ್ದರೆ ಕಡಿಮೆ ಬೆಲೆಯ ಟೈಲ್ಸ್ ತನ್ನಿ. ಆ ಮೊದಲ ಸಾಲಿನ ಮೇಲೆ ಮಾತ್ರ ಗೀಟು ಹಾಕಬೇಡಿ.

ಮೇಸ್ತ್ರಿಯ ಬಾಕಿ ದುಡ್ಡನ್ನು ಹೋದ ತಿಂಗಳು ಅವನ ಮನೆಗೇ ಹೋಗಿ ಕೊಟ್ಟೆ. ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ. ಎರಡನೇ ಸಲವೂ ಅವನೇ ಬಂದು ಹಾಕಿದ. ಪ್ಲೈವುಡ್ ಮೇಲೆ ನಿಂತು ಎರಡು ಸಲ ಕಾಲಲ್ಲಿ ಕುಟ್ಟಿ, ನನ್ನ ಮುಖ ನೋಡಿ ನಕ್ಕ. ಈ ಸಲ ಆ ಮಾತು ಹೇಳಲಿಲ್ಲ :-)

ದೊಡ್ಡಮ್ಮ ಮಂಚವನ್ನು ಇನ್ನೂ ಹಳೇ ಜಾಗಕ್ಕೆ ತಂದಿಲ್ಲ. "ಒಂದು ಮಳೆಗಾಲ ಕಳೀಲಿ, ನೋಡೋಣ" ಅಂತಾರೆ. ನನಗಿಂತ ಅವರಿಗೆ ಮರದ ಬುದ್ಧಿ ಚೆನ್ನಾಗಿ ಗೊತ್ತು.

ನಿಮ್ಮೂರಿನ ಹಳೇ ಮಾಳಿಗೆಗಳಲ್ಲಿ ಏನು ಮಾಡಿಸಿದ್ದೀರಿ? ಗೀಟು ಹಾಕಿದ್ದೀರೋ, ಬಿಟ್ಟಿದ್ದೀರೋ? ನಾನು ತಪ್ಪು ಹೇಳಿದ್ದರೆ ತಿದ್ದಿ, ಜಗಳಕ್ಕೆ ಬಂದರೂ ಸ್ವಾಗತ.